ಅಂಗಳದಲ್ಲಿ ನಿಂತು ಕೂಗುವುದು

ಬ್ರಾಂಟ್‌ವಿಲ್, ಒಹಾಯೋ
ಸೆಪ್ಟೆಂಬರ್ 8, 2024

ಪ್ರೀತಿಯ ಅಕ್ಕ ಇವ್ರೋಸ್,

ಮೊನ್ನೆ ಫೋನ್ ಮಾಡಿದಾಗ ನೀನು "ಹಾಂ? ಹಾಂ?" ಎಂದದ್ದು ಇಪ್ಪತ್ತೆರಡು ಸಲ. ನಾನು ಎಣಿಸಿದೆ. ನಿನ್ನ ಕಿವಿಯ ಜೊತೆ ಜಗಳವಾಡಿ ಸಾಕಾಗಿ ಕಾಗದಕ್ಕೆ ಬಂದಿದ್ದೇನೆ. ಜಾಕ್ಮೆಲ್‌ನಲ್ಲಿ ನಮ್ಮ ಓಣಿಯವರ ಕಾಗದಗಳನ್ನೆಲ್ಲ ಬರೆದುಕೊಟ್ಟವಳು ನೀನು. ನನ್ನ ಅಕ್ಷರ ನೋಡಿ ಬಯ್ಯಬೇಡ.

ಹೊಸ ಮನೆ ನನಗೆ ತುಂಬಾ ಹಿಡಿಸಿದೆ. ಬಾಡಿಗೆಯದ್ದೇ, ಆದರೆ ಮುಂದೆ ಅಂಗಳ, ಹಿಂದೆ ಒಂದು ಸೇಬಿನ ಮರ, ಬಾಗಿಲಿಗೆ ನನ್ನದೇ ಬೀಗದ ಕೈ. ಫ್ಲೋರಿಡಾದಲ್ಲಿ ಐದು ವರ್ಷ ಇನ್ನೊಬ್ಬರ ಕೋಣೆಯ ಮೂಲೆಯಲ್ಲಿ ಮಲಗಿದವಳಿಗೆ ಇದು ಅರಮನೆ. ಕಾರ್ಖಾನೆ ನನ್ನ ಹಳೆ ಕಾರಿನಲ್ಲಿ ಹತ್ತು ನಿಮಿಷದ ದಾರಿ. ಕಾರಿನ ಬಾಗಿಲಿಗೆ ರಬ್ಬರ್ ಪಟ್ಟಿ ಕೂರಿಸುವ ಸಾಲಿನಲ್ಲಿ ನನ್ನ ಕೈಯೇ ಎಲ್ಲರಿಗಿಂತ ಚುರುಕು. ಇದು ಜಂಬವಲ್ಲ, ಗೋಡೆಯ ಮೇಲೆ ಬರೆದು ಹಾಕಿದ್ದಾರೆ.

ಪಕ್ಕದ ಮನೆಯವಳು ಲೋರ್ನಾ ಪಿಕೆಟ್. ಎಪ್ಪತ್ತು ದಾಟಿದ ಒಂಟಿ ಹೆಂಗಸು, ಹಿಂದೆ ಶಾಲೆಯ ಬಸ್ಸು ಓಡಿಸುತ್ತಿದ್ದಳಂತೆ. ಹೊಸದಾಗಿ ಬಂದವಳು ನಾನು, ಬರಿಗೈಲಿ ಇರುವುದು ಹೇಗೆ? ಕೆಂಪು ಕಾಳಿನ ಅನ್ನ ಮಾಡಿ, ಪಾತ್ರೆಗೆ ಬಿಳಿ ಬಟ್ಟೆ ಮುಚ್ಚಿ, ಅವಳ ಅಂಗಳದ ಅಂಚಿನಲ್ಲಿ ನಿಂತು ಅಮ್ಮ ಕಲಿಸಿದ ಹಾಗೆ ಕೂಗಿದೆ: "ಒನೇ!" ಉತ್ತರವಿಲ್ಲ. ಇನ್ನೂ ಜೋರಾಗಿ ಕೂಗಿದೆ. ಒಟ್ಟು ನಾಲ್ಕು ಸಲ. ಪರದೆ ಅಲ್ಲಾಡಿತು, ಬಾಗಿಲು ತೆರೆಯಲಿಲ್ಲ. ನಿನ್ನ ಹಾಗೆ ಕಿವುಡಿಯಿರಬೇಕು ಎಂದುಕೊಂಡು ಅನ್ನ ವಾಪಸ್ ತಂದು ನಾನೇ ತಿಂದೆ.

ಆಮೇಲೆ ಒಬ್ಬ ಪೊಲೀಸಿನವನು ಬಂದ. ತುಂಬಾ ಮರ್ಯಾದಸ್ಥ. "ಮೇಡಂ, ಎಲ್ಲಾ ಸರಿಯಿದೆಯಾ? ಯಾರಾದ್ರೂ ತೊಂದ್ರೆ ಕೊಡ್ತಿದಾರಾ?" ಎಂದು ಕೇಳಿದ. ನಾನು ಅವನಿಗೆ ಬಿಡಿಸಿ ಹೇಳಿದೆ: "ನಮ್ಮ ಹೈಟಿಯಲ್ಲಿ ಬೇರೆಯವರ ಅಂಗಳಕ್ಕೆ ಸುಮ್ನೆ ಕಾಲಿಡಲ್ಲ ಸಾರ್. ಹೊರಗೆ ನಿಂತು 'ಒನೇ' ಅಂತೀವಿ, ಅಂದ್ರೆ ಗೌರವ. ಮನೆಯೊಳಗಿನವರು 'ರೆಸ್ಪೆ' ಅಂತಾರೆ, ಅಂದ್ರೆ ಮರ್ಯಾದೆ. ಆಮೇಲೇ ಒಳಗೆ ಹೋಗೋದು." ಅವನು ಟೋಪಿ ಎತ್ತಿ ತಲೆ ಕೆರೆದುಕೊಂಡು ಹೋದ. ನೋಡು, ಈ ಊರಿನಲ್ಲಿ ಪೊಲೀಸರು ಕೂಡ ಮನೆಗೆ ಬಂದು ಕ್ಷೇಮ ವಿಚಾರಿಸುತ್ತಾರೆ.

ನಿನ್ನ ಮೊಣಕಾಲು ಹೇಗಿದೆ?

ನಿನ್ನ ಮಿರ್ಲಾಂದ್


ಫ್ಲ್ಯಾಟ್‌ಬುಷ್, ಬ್ರೂಕ್ಲಿನ್
ಸೆಪ್ಟೆಂಬರ್ 17, 2024

ಮಿರ್ಲಾಂದ್,

ಕಾಗದ ಬಂತು. ಅಕ್ಷರ ಕೋಳಿ ಕೆದಕಿದ ಹಾಗಿದೆ. ಅದು ಹಾಗಿರಲಿ.

ಪೊಲೀಸಿನವನು ಕ್ಷೇಮ ವಿಚಾರಿಸಲು ಬಂದನಂತೆ! ಮೂವತ್ತೊಂದು ವರ್ಷದಿಂದ ಈ ದೇಶದಲ್ಲಿದ್ದೇನೆ, ನನ್ನ ಕ್ಷೇಮ ಯಾವ ಪೊಲೀಸಿನವನಿಗೂ ಬೇಕಾಗಿರಲಿಲ್ಲ. ಆ ಬಸ್ಸಿನ ಮುದುಕಿ ನಿನ್ನ ಮೇಲೆ ದೂರು ಕೊಟ್ಟಿದ್ದಾಳೆ. ನಿನಗೂ ಅದು ಗೊತ್ತು. ಚಿಕ್ಕವಳಿದ್ದಾಗಲೂ ಹೀಗೆಯೇ, ಬಿದ್ದು ಮೊಣಕಾಲು ತರಚಿಕೊಂಡು ಬಂದು "ನೆಲ ಮೆತ್ತಗಿತ್ತು" ಎನ್ನುತ್ತಿದ್ದೆ.

ನನ್ನ ಕಿವಿ ಹೋಗಿದೆ, ಕಣ್ಣು ಹೋಗಿಲ್ಲ. ಟಿವಿಯ ಕೆಳಗೆ ಓಡುವ ಅಕ್ಷರಗಳನ್ನೆಲ್ಲ ಓದುತ್ತೇನೆ. ಆ ಕಡೆಯ ಊರುಗಳಲ್ಲಿ ನಮ್ಮವರ ಬಗ್ಗೆ ಏನೇನು ಹೇಳುತ್ತಿದ್ದಾರೆಂದು ನನಗೆ ಗೊತ್ತಿದೆ. ಕೆರೆಯ ಬಾತುಗಳನ್ನು ಹಿಡಿದು ತಿನ್ನುತ್ತೇವಂತೆ. ವೃದ್ಧಾಶ್ರಮದಲ್ಲಿ ಅವರ ಅಪ್ಪ ಅಮ್ಮಂದಿರನ್ನು ತೊಳೆದು, ಉಣಿಸಿ, ಮಲಗಿಸಿದ ಕೈ ಇದು. ಈಗ ಬಾತು ಕದಿಯುವ ಕೈಯಾಯಿತು.

ಆದ್ದರಿಂದ ಹೇಳಿದ್ದು ಕೇಳು. ಅಲ್ಲಿ ಯಾರ ಅಂಗಳದಲ್ಲೂ ನಿಂತು ಕೂಗಬೇಡ. ಬಾಗಿಲಿಗೆ ಗಂಟೆ ಇರುತ್ತದೆ, ಒತ್ತು. ಅದಕ್ಕಿಂತ ಒಳ್ಳೆಯದು, ಒತ್ತಲೂ ಬೇಡ. ಗಂಟು ಕಟ್ಟಿಕೊಂಡು ನನ್ನ ಹತ್ತಿರ ಬಾ. ಒಳಕೋಣೆ ಖಾಲಿ ಇದೆ. ಇಲ್ಲಿ ಫ್ಲ್ಯಾಟ್‌ಬುಷ್‌ನಲ್ಲಿ ನನ್ನ ತಂಟೆಗೆ ಬರುವ ಧೈರ್ಯ ಯಾರಿಗಿದೆ? ಪ್ರತಿ ಭಾನುವಾರ ಬಿಳಿ ಟೋಪಿ ಹಾಕಿಕೊಂಡು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ರಾಣಿಯ ಹಾಗೆ ಚರ್ಚಿಗೆ ಹೋಗಿ ಬರುತ್ತೇನೆ.

ಮೊಣಕಾಲು ಇದ್ದ ಹಾಗೇ ಇದೆ.

ಇವ್ರೋಸ್


ಬ್ರಾಂಟ್‌ವಿಲ್
ಅಕ್ಟೋಬರ್ 2, 2024

ಅಕ್ಕ,

ಆಯಿತು, ನೀನೇ ಗೆದ್ದೆ. ಪೊಲೀಸಿನವನು ಬಂದಾಗ ನನಗೂ ಅನುಮಾನವಿತ್ತು. ಬರೆಯಲು ಮನಸ್ಸಾಗಲಿಲ್ಲ, ಅಷ್ಟೇ.

ಲೋರ್ನಾಳ ಬಾಗಿಲ ಮೇಲೊಂದು ಕ್ಯಾಮೆರಾ ಇದೆ. ನಾನು ಪಾತ್ರೆ ಹಿಡಿದು ಕೂಗಿದ್ದೆಲ್ಲ ಅದರಲ್ಲಿ ಬಂದು, ಅಲ್ಲಿಂದ ಊರವರ ಫೋನುಗಳಿಗೆ ಹಾರಿದೆ. "ಹೈಟಿಯವಳು ಮನೆಯೆದುರು ನಿಂತು ಮಾಟ ಮಾಡುತ್ತಿದ್ದಾಳೆ" ಎಂದು ಒಬ್ಬರು, "ಪಾತ್ರೆಯಲ್ಲಿ ಯಾರ ಮನೆಯ ಬಾತು?" ಎಂದು ಇನ್ನೊಬ್ಬರು. ಕಾರ್ಖಾನೆಯಲ್ಲಿ ನಾನು ಹೋದ ಕೂಡಲೇ ಅರ್ಧ ಸಾಲು ಕೆಮ್ಮಲು ಶುರು ಮಾಡುತ್ತದೆ. ಅಷ್ಟೊಂದು ಜನಕ್ಕೆ ಒಟ್ಟಿಗೆ ಹೇಗೆ ನೆಗಡಿಯಾಯಿತೋ.

ಈಗ ಯಾರೋ ಎರಡು ಮೂರು ದಿನಕ್ಕೊಮ್ಮೆ ನನ್ನ ಮೆಟ್ಟಿಲ ಮೇಲೆ ಒಂದು ಹಳದಿ ಪ್ಲಾಸ್ಟಿಕ್ ಬಾತು ಇಟ್ಟು ಹೋಗುತ್ತಾರೆ, ಮಕ್ಕಳು ಸ್ನಾನದ ತೊಟ್ಟಿಯಲ್ಲಿ ತೇಲಿಸುವಂಥದ್ದು. ಏಳು ಆಗಿವೆ. ತೊಳೆದು ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ, ಬೀದಿಗೆ ಮುಖ ಮಾಡಿ ಕೂರಿಸಿದ್ದೇನೆ. ಇಟ್ಟವನು ದಾರಿಯಲ್ಲಿ ಹೋಗುವಾಗ ನೋಡಲಿ, ಅವನ ಬಾತುಗಳು ಸುಖವಾಗಿವೆ.

ತಮಾಷೆಯಲ್ಲದ ವಿಷಯ ಒಂದಿದೆ. ಮನೆ ಮಾಲೀಕ ಗ್ರೇಡಿ ಬಂದಿದ್ದ. ಒಳಗೆ ಬರಲಿಲ್ಲ, ಕಾರಿನ ಕಿಟಕಿ ಇಳಿಸಿ ಹೇಳಿದ: "ನೋಡಮ್ಮ, ನಂಗೆ ನಿನ್ಮೇಲೆ ಏನೂ ಸಿಟ್ಟಿಲ್ಲ. ಆದ್ರೆ ಈ ಮನೆಗೆ ಪೊಲೀಸ್ ಗಾಡಿ ಬಂತು ಅಂತ ಊರೆಲ್ಲಾ ಮಾತಾಡ್ತಿದೆ. ಜನವರಿ ಕೊನೆಗೆ ನಿನ್ನ ಕರಾರು ಮುಗಿಯುತ್ತೆ. ಜನವರಿ ಐದನೇ ತಾರೀಕು ಬಂದು ಹೇಳ್ತೀನಿ, ಮುಂದುವರಿಸೋದಾ ಇಲ್ವಾ ಅಂತ. ಅಷ್ಟರೊಳಗೆ ಇನ್ನೊಂದ್ಸಲ ದೂರು ಬಂದ್ರೆ ಮುಗೀತು." ಇನ್ನೊಂದು ಸಲ, ಅಕ್ಕ. ಅಷ್ಟು ತೆಳುವಾಗಿದೆ ನನ್ನ ಅರಮನೆ.

ಆದರೆ ನಾನು ಇಲ್ಲಿಂದ ಹೋಗುವುದಿಲ್ಲ. ನಲವತ್ತೆಂಟು ವರ್ಷಕ್ಕೆ ಒಂದು ಅಂಗಳ ಸಿಕ್ಕಿದೆ.

ಈಗ ಕಾರ್ಖಾನೆಗೆ ನಡೆದೇ ಹೋಗುತ್ತಿದ್ದೇನೆ. ಹವೆ ಚೆನ್ನಾಗಿದೆ.

ಮಿರ್ಲಾಂದ್


ಫ್ಲ್ಯಾಟ್‌ಬುಷ್
ಅಕ್ಟೋಬರ್ 13, 2024

ಮಿರ್ಲಾಂದ್,

ನೀನು ನಡೆಯುತ್ತೀಯಾ? ಕೊಳಾಯಿಗೆ ಹೋಗಲು ಸಹ ಪಕ್ಕದ ಮನೆಯ ಕತ್ತೆ ಕೇಳುತ್ತಿದ್ದವಳು? ಕಾರಿಗೆ ಏನಾಯಿತು ಎಂದು ನಾನು ಕೇಳುವುದಿಲ್ಲ. ನೀನು ಹೇಳುವುದೂ ಇಲ್ಲ.

ಇದರ ಜೊತೆ ನವೆಂಬರ್ ಎರಡರ ಬಸ್ ಟಿಕೆಟ್ ಇಟ್ಟಿದ್ದೇನೆ. ಒಳಕೋಣೆಯ ಪರದೆ ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡಿಯಾಯಿತು. ಬಾತುಗಳನ್ನು ಅಲ್ಲೇ ಬಿಟ್ಟು ಬಾ.

ಬರುವವರೆಗೆ ದನಿ ತಗ್ಗಿಸಿಕೊಂಡಿರು. ಊರಿನಲ್ಲಿ ಮಾಡುತ್ತಿದ್ದ ಹಾಗೆ ಹೊಸ ವರ್ಷಕ್ಕೆ ನೆರೆಮನೆಗಳಿಗೆ ಕುಂಬಳಕಾಯಿ ಸೂಪು ಹಂಚುತ್ತೇನೆ ಎಂಬ ಹುಚ್ಚು ನಿನ್ನ ತಲೆಯಲ್ಲಿದ್ದರೆ ಈಗಲೇ ತೆಗೆದುಹಾಕು. ಆ ಮುದುಕಿ ಮತ್ತೆ ಫೋನ್ ತೆಗೆದುಕೊಂಡರೆ ನಿನ್ನ ಮನೆ ಹೋಯಿತು. ಮನೆಯೊಳಗೆ ನಾವು ನಾವಾಗಿರೋಣ. ಬೀದಿಯಲ್ಲಿ ಯಾರ ಕಣ್ಣಿಗೂ ಬೀಳದೆ, ಯಾರ ಕಿವಿಗೂ ಕೇಳಿಸದೆ ಇದ್ದುಬಿಡಬೇಕು. ನಾನು ಹಾಗೆ ಬದುಕಿಯೇ ಇಷ್ಟು ದೂರ ಬಂದದ್ದು.

ನಿನ್ನ ಮೇಲೆ ಸಿಟ್ಟಿಲ್ಲ. ಹೆದರಿಕೆ, ಅಷ್ಟೇ.

ಇವ್ರೋಸ್


ಬ್ರಾಂಟ್‌ವಿಲ್
ನವೆಂಬರ್ 24, 2024

ಅಕ್ಕ,

ಟಿಕೆಟ್ ವಾಪಸ್ ಕಳಿಸುತ್ತಿದ್ದೇನೆ. ದಿನ ದಾಟಿದೆ, ಗೊತ್ತು. ಒಂದೂವರೆ ತಿಂಗಳು ನಿನಗೆ ಬರೆಯಲಿಲ್ಲ, ಅದೂ ಗೊತ್ತು. ಟಿಕೆಟ್ ಮೇಜಿನ ಮೇಲಿತ್ತು. ಒಂದು ದಿನ ಹೋಗಿಬಿಡೋಣ ಅನ್ನಿಸುತ್ತಿತ್ತು, ಮಾರನೆಯ ದಿನ ನಾಚಿಕೆಯಾಗುತ್ತಿತ್ತು.

ಕಾರಿನ ಮುಂದಿನ ಗಾಜನ್ನು ಇಟ್ಟಿಗೆ ಎಸೆದು ಒಡೆದಿದ್ದರು. ಈಗ ಸರಿಯಾಗಿದೆ. ನನ್ನ ಸಾಲಿನಲ್ಲೇ ಕೆಲಸ ಮಾಡುವ ವೇಯ್ನ್, ಎಲ್ಲರಿಗಿಂತ ಜೋರಾಗಿ ಕೆಮ್ಮುತ್ತಿದ್ದವನು, ಅವನೇ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಬಂದು ನಿಂತ. "ನಾನೂ ಆ ವೀಡಿಯೋ ನೋಡಿ ನಕ್ಕಿದ್ದೆ. ಇಟ್ಟಿಗೆ ಅಂತ ಗೊತ್ತಾದ್ಮೇಲೆ ನಗು ಬರ್ಲಿಲ್ಲ. ಕೀ ಕೊಡು, ನಮ್ಮಣ್ಣನ ಗ್ಯಾರೇಜಿದೆ" ಎಂದ. ಕೊಟ್ಟೆ. ಈಗಲೂ ಅವನು ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ಕೆಮ್ಮುವುದಂತೂ ಬಿಟ್ಟಿದ್ದಾನೆ.

ನನ್ನದು ಮುಗಿಯಿತು. ಈಗ ನಿನ್ನದು.

ನಿನ್ನ ಚರ್ಚಿನ ಕ್ಲೋಮೆನ್ ನನಗೆ ಫೋನ್ ಮಾಡಿದ್ದಳು. "ನಿಮ್ಮಕ್ಕನ ಕಾಲು ಅಷ್ಟೊಂದು ಕೆಟ್ಟೋಗಿದ್ಯೇನೇ? ಆಗಸ್ಟಿನಿಂದ ಅವಳ ಜಾಗ ಖಾಲಿ. ಮನೆಗೆ ಹೋದ್ರೆ ಬಾಗ್ಲು ಅರ್ಧ ತೆಗ್ದು, ನೋವು ನೋವು ಅಂತಾಳೆ. ಅಡುಗೆಮನೆಗೆ ಮಾತ್ರ ಓಡೋಡಿ ಹೋಗ್ತಾಳೆ" ಎಂದಳು. ಸೆಪ್ಟೆಂಬರಿನಲ್ಲಿ ನೀನು ನನಗೆ ಏನು ಬರೆದಿದ್ದೆ? ಪ್ರತಿ ಭಾನುವಾರ, ರಾಣಿಯ ಹಾಗೆ, ಬಿಳಿ ಟೋಪಿ.

ಅಕ್ಕ, ಟೋಪಿ ಎಲ್ಲಿ?

ಮಿರ್ಲಾಂದ್


ಫ್ಲ್ಯಾಟ್‌ಬುಷ್
ಡಿಸೆಂಬರ್ 8, 2024

ಮಿಮಿ,

ಕ್ಲೋಮೆನ್‌ಳ ನಾಲಿಗೆಗೆ ಬೀಗ ಹಾಕುವವರು ಈ ಲೋಕದಲ್ಲಿ ಹುಟ್ಟಿಲ್ಲ.

ಟೋಪಿ ಕಪಾಟಿನಲ್ಲಿದೆ. ಮೂರು ಸಲ ಒಗೆದೆ, ಒಂದು ಕಡೆಯ ಕಲೆ ಹೋಗಲಿಲ್ಲ.

ಆಗಸ್ಟಿನ ಎರಡನೇ ಭಾನುವಾರ ಬಸ್ಸಿನಲ್ಲಿ ಒಬ್ಬ ಎದುರಿಗೆ ನಿಂತಿದ್ದ. ಏನೋ ಹೇಳುತ್ತಿದ್ದ. ನನಗೆ ಕೇಳಿಸಲಿಲ್ಲ, ಆದರೆ ಅವನ ತುಟಿ ನೋಡಿದೆ. ನಿಮ್ಮ ದೇಶಕ್ಕೆ ಹೋಗಿ ಎನ್ನುತ್ತಿದ್ದ. ನಾನು ಕಿಟಕಿಯ ಕಡೆ ತಿರುಗಿದೆ. ನನ್ನ ನಿಲ್ದಾಣ ಬಂದಾಗ ಎದ್ದು ಬಾಗಿಲ ಹತ್ತಿರ ಹೋದೆ, ಅವನು ಹಿಂದಿನಿಂದ ಕೈ ಬೀಸಿ ಟೋಪಿ ಹಾರಿಸಿದ. ಅದು ಹೊರಗೆ ಚರಂಡಿಯ ನೀರಿಗೆ ಬಿತ್ತು. ಬಸ್ಸಿನಲ್ಲಿ ಮೂವತ್ತು ಜನರಾದರೂ ಇದ್ದರು. ಯಾರೂ ಬಾಯಿ ಬಿಡಲಿಲ್ಲ.

ಅದಲ್ಲ ನನ್ನನ್ನು ಮನೆಯಲ್ಲಿ ಕೂರಿಸಿದ್ದು. ನಾನು ಇಳಿದು ಟೋಪಿ ಎತ್ತಿಕೊಂಡು, ತಿರುಗಿ, ಅವನಿಗೆ "ಕ್ಷಮಿಸಿ" ಎಂದೆ. ನಾನು ಅವನಿಗೆ! ಮಿಮಿ, ಮೂವತ್ತೊಂದು ವರ್ಷದಿಂದ ಬಾಯಲ್ಲಿ ಕೂತಿದ್ದ ಮಾತು ತಾನಾಗಿಯೇ ಹೊರಗೆ ಬಂತು. ಅಮ್ಮ ಬದುಕಿದ್ದು ಅದನ್ನು ಕೇಳಿಸಿಕೊಂಡಿದ್ದರೆ ನಾನು ಆಕೆಗೆ ಮುಖ ತೋರಿಸಲು ಆಗುತ್ತಿರಲಿಲ್ಲ. ಅಂದಿನಿಂದ ಮೊಣಕಾಲು ನೋವು.

ದನಿ ತಗ್ಗಿಸು, ಕಣ್ಣಿಗೆ ಬೀಳಬೇಡ ಎಂದು ನಿನಗೆ ಉಪದೇಶ ಮಾಡಿದವಳು ನಾನೇ. ದನಿ ತಗ್ಗಿಸಿ ತಗ್ಗಿಸಿ ನನಗೆ ಸಿಕ್ಕಿದ್ದು ಇದು. ಈಗ ಏನು ಹೇಳಲಿ? ಕೂಗು ಎಂದರೆ ನಿನ್ನ ಮನೆ ಹೋಗಬಹುದು. ಕೂಗಬೇಡ ಎಂದರೆ ನೀನೂ ನನ್ನ ಹಾಗೆ ಬಾಗಿಲು ಅರ್ಧ ತೆರೆದು ಮಾತಾಡುವವಳಾಗುತ್ತೀಯೆ. ನಿನ್ನ ಮನಸ್ಸಿಗೆ ಬಂದದ್ದು ಮಾಡು. ಮನೆ ಹೋದರೆ ಒಳಕೋಣೆ ಇದೆ, ಪರದೆಗೆ ಇನ್ನೊಮ್ಮೆ ಗಂಜಿ ಹಾಕುತ್ತೇನೆ.

ಕೂಗುವುದೇ ಆದರೆ ಒಂದು ಸಲ ನನ್ನ ಪಾಲಿನದನ್ನೂ ಕೂಗು.

ಇವ್ರೋಸ್


ಬ್ರಾಂಟ್‌ವಿಲ್
ಜನವರಿ 5, 2025

ನನ್ನ ಅಕ್ಕ,

ಕೂತು ಓದು, ಇದು ಉದ್ದದ ಕಾಗದ.

ನಿನ್ನ ಕಾಗದ ಓದಿ ನಾನು ಅತ್ತೆ. ಆಮೇಲೆ ಹೋಗಿ ಇದ್ದುದರಲ್ಲಿ ದೊಡ್ಡ ಕುಂಬಳಕಾಯಿ ತಂದೆ.

ಒಂದನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಸೂಪು ಸಿದ್ಧವಾಗಿತ್ತು. ಮಾಂಸ, ಎಲೆಕೋಸು, ಕ್ಯಾರೆಟ್, ಅಮ್ಮ ಹಾಕುತ್ತಿದ್ದ ಹಾಗೆ ಕೊನೆಗೊಂದು ಇಡೀ ಖಾರದ ಮೆಣಸಿನಕಾಯಿ, ಒಡೆಯದಂತೆ. ಪಾತ್ರೆಗೆ ಬಿಳಿ ಬಟ್ಟೆ ಮುಚ್ಚಿ, ಬೂಟು ಹಾಕಿಕೊಂಡು, ಹಿಮ ತುಳಿಯುತ್ತಾ ಲೋರ್ನಾಳ ಅಂಗಳದ ಅಂಚಿಗೆ ಹೋದೆ. ಬೇರೆ ಮನೆಯಿಂದ ಶುರು ಮಾಡಬಹುದಿತ್ತು. ಆದರೆ ಹೆದರಿಕೆ ಅಲ್ಲಿತ್ತು, ಅಲ್ಲಿಂದಲೇ ಶುರು ಮಾಡಿದೆ. ಬಾಗಿಲ ಮೇಲಿನ ಕ್ಯಾಮೆರಾದ ಕೆಂಪು ದೀಪ ನನ್ನನ್ನೇ ನೋಡುತ್ತಿತ್ತು. ನಾನೂ ಅದನ್ನು ನೋಡಿದೆ.

"ಒನೇ!"

ಉತ್ತರವಿಲ್ಲ. ಪರದೆ ಅಲ್ಲಾಡಿತು, ಹಿಂದಿನ ಹಾಗೆಯೇ. ಈಗ ಫೋನ್ ತೆಗೆದುಕೊಳ್ಳುತ್ತಾಳೆ, ಈಗ ಗಾಡಿ ಬರುತ್ತದೆ, ಐದನೇ ತಾರೀಕು ಗ್ರೇಡಿ ತಲೆ ಅಲ್ಲಾಡಿಸುತ್ತಾನೆ ಎಂದೆಲ್ಲ ಕಣ್ಣೆದುರು ಬಂತು. ತಿರುಗಿ ಹೋಗಬಹುದಿತ್ತು. ಆದರೆ ನಿನ್ನ ಪಾಲು ಬಾಕಿ ಇತ್ತಲ್ಲ. ಉಸಿರು ತುಂಬಿಕೊಂಡು ಇನ್ನೊಮ್ಮೆ ಕೂಗಿದೆ. ಎದುರು ಮನೆಯ ನಾಯಿ ಬೊಗಳಿತು.

ಬಾಗಿಲು ತೆರೆಯಿತು. ಲೋರ್ನಾ ಗಂಡಸರ ಕೋಟು ಹೊದ್ದು, ಕೈಯಲ್ಲಿ ಫೋನ್ ಹಿಡಿದು ನಿಂತಿದ್ದಳು.

"ಏನಾಯ್ತಮ್ಮಾ? ಯಾರಾದ್ರೂ ಹೊಡೆದ್ರಾ? ಮನೆಗೆ ಬೆಂಕಿ ಬಿತ್ತಾ?"

"ಏನೂ ಆಗಿಲ್ಲ. ಸೂಪ್ ತಂದಿದ್ದೀನಿ."

"ಸೂಪಾ? ಹಂಗಾದ್ರೆ ಯಾಕೆ ಹಂಗ್ ಕೂಗ್ತೀಯ? ಆವತ್ತೂ ನಾಲ್ಕು ಸಲ ಕೂಗ್ದೆ. ಪಾಪ, ಯಾರೋ ಆಪತ್ತಲ್ಲಿದಾರೆ ಅಂತ ನಂಗೆ ಹೆದ್ರಿಕೆ ಆಯ್ತು. ಬಾಗ್ಲು ತೆಗ್ಯೋ ಧೈರ್ಯ ಆಗ್ಲಿಲ್ಲ. ಪೊಲೀಸ್ರಿಗೆ ಫೋನ್ ಮಾಡಿ, ಪಕ್ಕದ್ಮನೇಲಿ ಒಬ್ಳೇ ಹೆಂಗ್ಸಿದಾಳೆ, ಒಂದ್ಸಲ ಹೋಗಿ ನೋಡ್ಕೊಂಡ್ ಬನ್ನಿ ಅಂದೆ."

ಕೇಳಿದೆಯಾ, ಅಕ್ಕ? ಪೊಲೀಸಿನವನು ನಿಜವಾಗಿಯೂ ಕ್ಷೇಮ ವಿಚಾರಿಸಲು ಬಂದಿದ್ದ! ನಿನಗೆ ಸುಳ್ಳು ಹೇಳಬೇಕೆಂದು ನಾನು ಬರೆದದ್ದೇ ನಿಜವಾಗಿತ್ತು. ದೂರು ಅಂತ ಒಂದು ಇರಲೇ ಇಲ್ಲ.

ಪಾತ್ರೆ ನನ್ನ ಕೈಯಲ್ಲಿ ಭಾರವಾಗುತ್ತಿತ್ತು. ಆದರೂ ಕೇಳಿಯೇ ಬಿಟ್ಟೆ: "ಮತ್ತೆ ವೀಡಿಯೋ?"

ಅವಳು ತನ್ನ ಚಪ್ಪಲಿ ನೋಡಿಕೊಂಡಳು. "ನನ್ನ ತಂಗಿ ಮಗ. ಕ್ಯಾಮೆರಾ ಹಾಕ್ಕೊಟ್ಟೋನೂ ಅವ್ನೇ. ತೆಗ್ದಾಕೋ ಅಂದೆ. ನಕ್ಕ. ಆಮೇಲೆ ನಾನೂ ಸುಮ್ನಾದೆ."

"ನಾಲ್ಕು ತಿಂಗ್ಳು."

"ಹೂಂ. ನಾಲ್ಕು ತಿಂಗ್ಳು. ನಿನ್ನ ಕಾರಿನ ಗಾಜು ಒಡ್ದಾಗ್ಲೂ ನೋಡ್ದೆ. ಬರ್ಬೇಕು ಅನ್ಕೊಂಡೆ. ಯಾವ ಮುಖ ಇಟ್ಕೊಂಡು ಬರ್ಲಿ?"

ಪರವಾಗಿಲ್ಲ ಎಂದು ನಾನು ಹೇಳಲಿಲ್ಲ. ಅದು ಬಾಯಿಗೆ ಬರಲೂ ಇಲ್ಲ, ನಾನು ತರಲೂ ಇಲ್ಲ. ನಮ್ಮ ಮನೆಯಲ್ಲಿ "ಕ್ಷಮಿಸಿ", "ಪರವಾಗಿಲ್ಲ" ಎರಡೂ ಸಾಕಷ್ಟು ಖರ್ಚಾಗಿವೆ. ಹೇಳಬೇಕಾದವರು ಹೇಳಲಿ ಎಂದು ನಿಂತೆ. ಅವಳು ಹೇಳಿದಳು. ಮೆತ್ತಗೆ ಹೇಳಿದಳು, ಆದರೆ ನನ್ನ ಮುಖ ನೋಡಿ ಹೇಳಿದಳು.

"ಚಳಿ, ಒಳಗ್ ಬಾರಮ್ಮ" ಎಂದಳು.

"ಬರಲ್ಲ" ಎಂದೆ. "ನಾನು ಕೂಗಿದ್ದೀನಿ, ಮನೆ ಇನ್ನೂ ಉತ್ತರ ಕೊಟ್ಟಿಲ್ಲ. ನಾನು ಗೌರವ ಅಂದ್ರೆ ನೀವು ಮರ್ಯಾದೆ ಅನ್ಬೇಕು. ನಮ್ಮಮ್ಮ ಸತ್ತಿದಾಳೆ, ಆದ್ರೂ ನೋಡ್ತಿರ್ತಾಳೆ."

ಲೋರ್ನಾ ಬೀದಿಯ ಆ ಕಡೆ ಈ ಕಡೆ ನೋಡಿದಳು. ಎದುರು ಮನೆಯವನು ನಾಯಿಯ ಪಟ್ಟಿ ಹಿಡಿದು ನಮ್ಮನ್ನೇ ನೋಡುತ್ತಿದ್ದ. ಅವಳು ಗಂಟಲು ಸರಿಮಾಡಿಕೊಂಡು, ಮೂವತ್ತು ವರ್ಷ ಬಸ್ಸಿನಲ್ಲಿ ಮಕ್ಕಳನ್ನು ಗದರಿಸಿದ ದನಿಯಲ್ಲಿ, ತನ್ನ ಭಾಷೆಯಲ್ಲೇ ಕೂಗಿದಳು: "ಮರ್ಯಾದೆ!" ನಾಯಿ ಸುಮ್ಮನಾಯಿತು. ನಾನು ಒಳಗೆ ಹೋದೆ.

ಎರಡು ಬಟ್ಟಲು ಕುಡಿದಳು. ಮೆಣಸಿನಕಾಯಿ ಒಡೆದುಕೊಂಡು ಕೆಮ್ಮಿದಳು, ಈ ಊರಿನಲ್ಲಿ ನಾನು ಕೇಳಿದ ಮೊದಲ ಪ್ರಾಮಾಣಿಕ ಕೆಮ್ಮು. "ಹೊಸ ವರ್ಷಕ್ಕೆ ಸೂಪ್ ಯಾಕೆ?" ಎಂದು ಕೇಳಿದಳು. ಹೇಳಿದೆ. ನಮ್ಮ ಹಿರಿಯರು ಗುಲಾಮರಾಗಿದ್ದಾಗ ಈ ಸೂಪು ಮಾಡುತ್ತಿದ್ದರು, ಕುಡಿಯುವ ಹಾಗಿರಲಿಲ್ಲ, ಅದು ಧಣಿಗಳಿಗೆ. ಬಿಡುಗಡೆಯಾದ ದಿನ, ಜನವರಿ ಒಂದು, ಎಲ್ಲರೂ ಕೂತು ಕುಡಿದರು. ಅಂದಿನಿಂದ ಈ ದಿನ ಯಾರಿಗೂ ಇಲ್ಲ ಎನ್ನುವುದಿಲ್ಲ. ಅವಳು ಬಟ್ಟಲಿನ ತಳದಲ್ಲಿ ಉಳಿದದ್ದನ್ನೂ ಚಮಚದಲ್ಲಿ ಬಳಿದು ಕುಡಿದಳು.

ಇವತ್ತು ಗ್ರೇಡಿ ಬಂದ. ಕಾರಿನ ಕಿಟಕಿ ಇಳಿಸುವಷ್ಟರಲ್ಲಿ ಲೋರ್ನಾ ಅದೇ ಕೋಟು ಹೊದ್ದು ಅವನ ಪಕ್ಕಕ್ಕೆ ಬಂದು ನಿಂತಳು. "ಗ್ರೇಡಿ, ನಿನ್ನನ್ನ ಒಂದನೇ ಕ್ಲಾಸಿಂದ ಬಸ್ಸಲ್ಲಿ ಕರ್ಕೊಂಡ್ ಹೋಗಿದೀನಿ. ಇಳಿದು ಮಾತಾಡು" ಎಂದಳು. ಇಳಿದ. "ನಾನು ಯಾರ ಮೇಲೂ ದೂರು ಕೊಟ್ಟಿಲ್ಲ. ಬೇಕಾದ್ರೆ ಬರ್ಕೊಡ್ತೀನಿ" ಎಂದಳು. ನಾನು ಹೇಳಿದೆ: "ಬರ್ಕೊಡಿ. ಆದ್ರೆ ಗ್ರೇಡಿ, ಇನ್ಮುಂದೆ ಹೊಸ ವರ್ಷಕ್ಕೆ ನಾನು ಕೂಗ್ತೀನಿ. ಅದು ಗೊತ್ತಿದ್ದೇ ಸಹಿ ಹಾಕಿ." ಅವನು ಕಿಟಕಿಯ ಬಾತುಗಳನ್ನು ಒಂದು ಸಲ, ನಮ್ಮಿಬ್ಬರನ್ನು ಒಂದು ಸಲ ನೋಡಿ ಸಹಿ ಹಾಕಿದ. ಇನ್ನೊಂದು ವರ್ಷ, ಅಕ್ಕ. ಅಂಗಳ ನನ್ನದು.

ಎಲ್ಲ ಸರಿಹೋಯಿತು ಎಂದು ತಿಳಿಯಬೇಡ. ಮೂರನೇ ತಾರೀಕು ಕೂಡ ಒಂದು ಬಾತು ಬಂತು, ಈಗ ಮೂವತ್ತೊಂಬತ್ತು. ವೀಡಿಯೋ ಇನ್ನೂ ಅಲ್ಲೇ ಇದೆ. ಆದರೆ ಅದರ ಕೆಳಗೆ ಲೋರ್ನಾ ತನ್ನ ಪೂರ್ತಿ ಹೆಸರು ಹಾಕಿ ಎರಡು ಸಾಲು ಬರೆದಿದ್ದಾಳೆ: "ಈಕೆ ನನಗೆ ಊಟ ತಂದಿದ್ದಳು. ನಾನು ಬಾಗಿಲು ತೆಗೆಯಲಿಲ್ಲ."

ನಿನ್ನ ಪಾಲಿನ ಕೂಗು ನನ್ನದಕ್ಕಿಂತ ಜೋರಾಗಿತ್ತು. ಇನ್ನು ನೀನು ಟೋಪಿ ತೆಗೆ.

ನಿನ್ನ ಮಿರ್ಲಾಂದ್


ಫ್ಲ್ಯಾಟ್‌ಬುಷ್
ಜನವರಿ 13, 2025

ಮಿಮಿ,

ಪೊಲೀಸಿನವನ ವಿಷಯದಲ್ಲಿ ನನ್ನದು ತಪ್ಪಾಯಿತು. ನೂರರಲ್ಲಿ ಒಂದು ಸಲ ಹಾಗಾಗುತ್ತದೆ, ಬೀಗಬೇಡ.

ನಿನ್ನೆ ಭಾನುವಾರ ಟೋಪಿ ತೆಗೆದೆ. ಕಲೆಯನ್ನು ಮುಚ್ಚಲು ರಿಬ್ಬನ್ ಹೊಲಿಯಲು ಕೂತೆ, ಆಮೇಲೆ ಯಾಕೆ ಮುಚ್ಚಬೇಕು ಅನ್ನಿಸಿ ಹಾಗೆಯೇ ಹಾಕಿಕೊಂಡೆ. ಅದೇ ಬಸ್ಸು. ಬಾಗಿಲು ತೆರೆಯಿತು, ಒಂದು ಮೆಟ್ಟಿಲು ಹತ್ತಿದೆ, ಕಾಲು ನಿಂತುಬಿಟ್ಟಿತು. ಮೊಣಕಾಲಿನ ನೋವಲ್ಲ, ನಿನಗೆ ಗೊತ್ತು. ಚಾಲಕ "ಹತ್ತಮ್ಮಾ, ಹತ್ತು" ಎನ್ನುವುದು ತುಟಿಯಲ್ಲಿ ಕಾಣುತ್ತಿತ್ತು. ಒಳಗೆ ಸಾಲು ಸಾಲು ಮುಖ.

ಆಗ ಏನಾಯಿತೋ ಗೊತ್ತಿಲ್ಲ, ಜಾಕ್ಮೆಲ್‌ನ ಓಣಿಯಲ್ಲಿ ನಿಂತ ಹಾಗೆ, ಕಂಬಿ ಹಿಡಿದು, ಇದ್ದಷ್ಟು ಗಂಟಲು ಬಿಟ್ಟು ಕೂಗಿದೆ: "ಒನೇ!"

ಇಡೀ ಬಸ್ಸು ತಿರುಗಿ ನೋಡಿತು. ಹಿಂದಿನಿಂದ ಬಂತು, ಮಿಮಿ. ಒಂದು ದನಿಯಲ್ಲ. ನಾಲ್ಕು, ಐದು, ಮಧ್ಯದ ಸೀಟಿನಿಂದ ಒಬ್ಬ ಗಂಡಸಿನದು, ಕೊನೆಗೆ ಒಂದು ಮಗುವಿನದು. "ರೆಸ್ಪೆ!" ಈ ಕಿವುಡಿಗೆ ಕೇಳಿಸಿತು. ಒಬ್ಬಳು ಎದ್ದು ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟಳು.

ಇಡೀ ದಾರಿ ಒಂದೇ ಯೋಚನೆ. ಆಗಸ್ಟಿನ ಆ ಭಾನುವಾರವೂ ಇವರು ಬಸ್ಸಿನಲ್ಲಿ ಇದ್ದಿರಬೇಕು. ನಾನು ಅವತ್ತು ಅವರನ್ನು ಕರೆಯಲಿಲ್ಲ.

ಒಳಕೋಣೆಯ ಪರದೆ ಮಡಚಿಟ್ಟಿದ್ದೇನೆ. ಬೇಸಿಗೆಗೆ ನಾನೇ ಅಲ್ಲಿಗೆ ಬರುತ್ತೇನೆ. ನಿನ್ನ ಅಂಗಳದಲ್ಲಿ ನಿಂತು ಕೂಗುತ್ತೇನೆ, ಬೇಗ ಉತ್ತರ ಕೊಡು, ಕಾಯಲು ನನಗೆ ತಾಳ್ಮೆ ಇಲ್ಲ. ಅಲ್ಲಿಯವರೆಗೆ ಟಪಾಲಿನಲ್ಲಿ ಒಂದು ಬಾತು ಕಳಿಸು. ನನ್ನ ಕಿಟಕಿ ಖಾಲಿ ಇದೆ.

ಇವ್ರೋಸ್